ನುಡಿಸಬಾರದ್ದು

ಪ್ತುಯ್ ಪೇಟೆಯ ಬೇಕರಿಯಲ್ಲಿ ಎದುರು ಕೂತು
ಉರ್ಷ್ಕಾ ಫೋನು ತೆರೆದಳು. ಗಾಶ್ಪೆರ್ ಕುರ್ಚಿ ಎಳೆದುಕೊಂಡ.
ಮದುವೆಯೂಟಕ್ಕೆ ಈಗ ಏನೇನು ಸಿಗುತ್ತೆ ನೋಡಿ, ಅಂದರು:
ಮೇಜಿಂದ ಮೇಜಿಗೆ ಬಂದು ಕೈಗಡಿಯಾರ ಮಾಯ ಮಾಡುವ ಜಾದೂಗಾರ,
ಪಿಟೀಲಿನ ನಾಲ್ವರು ಹುಡುಗಿಯರು, ಗಂಟೆಗೆ ಇಷ್ಟು ಅಂತ,
ಬಡಿಸುತ್ತ ಬಡಿಸುತ್ತ ತಟ್ಟನೆ ಹಾಡತೊಡಗುವ ಮಾಣಿಗಳು,
ಇಲ್ಲವೇ ಡೀಜೆ, ಇಲ್ಲವೇ
ಇಲ್ಲಿ ಹುಡುಗ ಸಣ್ಣಗೆ ಕೆಮ್ಮಿದ
ನೀವು.

ನಾನು ಅಂದರೆ ನಾನು ಮತ್ತು ನನ್ನ ಗುಂಡಿಗಳ ಅಕಾರ್ಡಿಯನ್.
ಅದಕ್ಕೆ ನಲವತ್ತು, ನನಗೆ ಅರವತ್ತೊಂದು.
ಇಬ್ಬರಿಗೂ ಏದುಸಿರು.

ಹೇಳಿದೆ: ಉಣ್ಣುವವರು ಕೇಳುವುದಿಲ್ಲ, ಮಕ್ಕಳೇ.
ಕೇಳಬೇಕಾಗಿಯೂ ಇಲ್ಲ.
ಸಾರಿಗೆ ಉಪ್ಪು ಹಾಕಿದ್ದು ಯಾರಿಗೆ ಗೊತ್ತಾಗುತ್ತೆ,
ಹಾಕದಿದ್ದರೆ ತಾನೇ ಗೊತ್ತಾಗೋದು.
ದನದ ಎಲುಬಿನ ಸಾರು, ಅದರಲ್ಲಿ ಎಳೆ ಶ್ಯಾವಿಗೆ,
ಅದು ಬಂದಾಗ ಕುಣಿತದ ಹಾಡೆತ್ತಿದರೆ
ಇಸ್ತ್ರಿಯ ಬಿಳಿ ಅಂಗಿಗಳಿಗೆಲ್ಲ ಅವತ್ತೇ ಗ್ರಹಚಾರ.
ಹುರಿದ ಹಂದಿಗೆ ಪೋಲ್ಕಾ ಆದೀತು,
ಹಲ್ಲಿಗೆ ಕೆಲಸವಿದ್ದಾಗ ಕಾಲಿಗೂ ಇರಲಿ.
ಅಕ್ರೋಟಿನ ಸುರುಳಿ ರೊಟ್ಟಿ ಬರುವ ಹೊತ್ತಿಗೆ
ಮುದುಕರೇ ಹಾಡುತ್ತಾರೆ, ನಾನು ಬರೀ ಹಿಂದೆ ಹೋಗುತ್ತೇನೆ,
ದಾರಿ ಬಲ್ಲ ಕುದುರೆಯ ಹಿಂದೆ ಗಾಡಿ ಹೋದ ಹಾಗೆ.

ಹಾಡಿನ ಪಟ್ಟಿ ತಂದಿದ್ದೇವೆ, ಅಂದ ಹುಡುಗ.
ಅದಿರಲಿ. ನನಗೆ ಬೇಕಾದ್ದು ಇನ್ನೊಂದು ಪಟ್ಟಿ.
ಯಾವುದನ್ನು ನುಡಿಸಬಾರದು?

ನೀಲಿ ರಟ್ಟಿನ ನೋಟುಬುಕ್ಕು ಮೇಜಿನ ಮೇಲಿಟ್ಟೆ.
ಇಪ್ಪತ್ತಾರು ವರ್ಷದ ಊಟಗಳಿವೆ ಇದರಲ್ಲಿ.
ಒಂದು ಮನೆಯವರಿಗೆ ಸಿಪಾಯಿ ಹಾಡು ಕೂಡದು, ಅಣ್ಣ ವಾಪಸ್ಸು ಬರಲಿಲ್ಲ.
ಇನ್ನೊಂದು ಮನೆಗೆ ಕೋಗಿಲೆ ಬರುವ ಯಾವುದೂ ಕೂಡದು.
ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ,
ಇಡೀ ಸಂಜೆ ಕೋಗಿಲೆಯನ್ನು ಸುತ್ತು ಹಾಕಿ ನುಡಿಸಿದೆ.
ನೀವೂ ಒಮ್ಮೆ ಪ್ರಯತ್ನಿಸಿ, ಹಾಡಿನ ತುಂಬ ಹಕ್ಕಿಯೇ.

ಉರ್ಷ್ಕಾ ಕಪ್ಪಿನ ಹಿಡಿ ತಿರುಗಿಸಿದಳು, ಮತ್ತೆ ತಿರುಗಿಸಿದಳು.
ಗಾಶ್ಪೆರ್ ಕಿಟಕಿಯಾಚೆ ದ್ರಾವಾ ನದಿ ನೋಡಿದ
ಹುಟ್ಟಿದಾರಭ್ಯ ನೋಡೇ ಇಲ್ಲವೆನ್ನುವಂತೆ.
ಆಮೇಲೆ ಅವಳೇ ಪೆನ್ನು ಇಸಕೊಂಡು ಬರೆದಳು:
ದೋಣಿಗಾರನ ವಾಲ್ಟ್ಸ್.
ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ:
ಅಪ್ಪ ಅಮ್ಮ ಬೇರೆ ಬೇರೆ ಮೇಜು.

ಸೆಪ್ಟೆಂಬರ್. ಅಗ್ನಿಶಾಮಕ ಠಾಣೆಯ ಮಾಳಿಗೆ.
ಕೆಳಗೆ ಕೆಂಪು ಗಾಡಿ, ಮೇಲೆ ನೂರಾ ಹತ್ತು ಜನ.
ಸಾರು ಬಂತು. ಗುಂಡಿಗಳಿಂದ ಬೆರಳೆತ್ತಿ
ತಿದಿಯನ್ನಷ್ಟೇ ತೆರೆದೆ, ಮುಚ್ಚಿದೆ.
ಸ್ವರವಿಲ್ಲದ ಉಸಿರು.
ಚಮಚಗಳು ಕೇಳಿಸಿದವು. ಯಾವನೋ ಅಜ್ಜ ಸೊರ್ರನೆ ಹೀರಿದ್ದೇ
ಆ ಸಂಜೆಯ ಮೊದಲ ಹಾಡು.

ಆಗ ಎದ್ದು ಬಂದಳು ವಿದಾ, ಹುಡುಗಿಯ ತಾಯಿ,
ಮಡಿಲಿನ ಬಟ್ಟೆ ಕೈಯಲ್ಲಿ ಹಾಗೇ ಇತ್ತು.
ಬಗ್ಗಿ ಕಿವಿಯಲ್ಲಿ ಕೇಳಿದಳು:
ದೋಣಿಗಾರನ ವಾಲ್ಟ್ಸ್ ಬರುತ್ತಾ ನಿಮಗೆ?

ಬರುತ್ತಾ!
ಈ ಬೆರಳುಗಳು ಬೆಳಗಿನಿಂದ
ಅದನ್ನೇ ಮರೆಯುತ್ತ ಕೂತಿದ್ದವು.

ಏಳನೇ ಮೇಜಿನಲ್ಲಿ ಸ್ತಾನೆ, ಹುಡುಗಿಯ ಅಪ್ಪ,
ಬ್ರೆಡ್ಡು ಮುರಿಯುತ್ತಿದ್ದ. ತಿನ್ನುತ್ತಿರಲಿಲ್ಲ, ಮುರಿಯುತ್ತಿದ್ದ.
ಮದುಮಗಳು ದೂರದಿಂದ ನನ್ನ ಕೈಯನ್ನೇ ನೋಡಿದಳು.
ಪಟ್ಟಿ ಅವಳದು. ಹಾಡು ಅವಳಮ್ಮನದು.
ದುಡ್ಡು ಹುಡುಗನದು.
ಇಂಥಲ್ಲಿ ಯಾರ ಮಾತು ನಡೀಬೇಕು, ನೀವೇ ಹೇಳಿ.

ನುಡಿಸಿದೆ. ಎಡಗೈಯ ಮಂದ್ರ ಬಿಟ್ಟು, ಬಲಗೈಯಲ್ಲಷ್ಟೇ,
ಒಳಮನೆಯಲ್ಲಿ ಯಾರೋ ಗುನುಗಿದಷ್ಟು.
ಅರ್ಧ ಜನಕ್ಕೆ ತಿಳಿಯಲೇ ಇಲ್ಲ.
ವಿದಾ ತನ್ನ ಜಾಗಕ್ಕೆ ಹೋಗಿ ಸಾರು ಮುಗಿಸಿದಳು,
ತಟ್ಟೆ ಓರೆ ಮಾಡಿ, ಕೊನೆಯ ಚಮಚದವರೆಗೂ.
ಸ್ತಾನೆ ಎದ್ದ. ಕೂತ.
ಪಕ್ಕದವರಿಗೆ ಉಪ್ಪು ದಾಟಿಸಿದ.
ಅವರು ಕೇಳಿರಲಿಲ್ಲ.

ರಾತ್ರಿ ಎರಡಕ್ಕೆ ನೋಟು ಎಣಿಸಿ ಕೊಡುತ್ತ ಗಾಶ್ಪೆರ್ ಅಂದ:
ಸಾರಿನ ಹೊತ್ತಿಗೆ ಒಂದು ನುಡಿಸಿದಿರಲ್ಲ, ಚೆನ್ನಾಗಿತ್ತು, ಯಾವುದದು?
ಉರ್ಷ್ಕಾ ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು,
ತಲೆ ಎತ್ತಲಿಲ್ಲ.
ಹಳೇದು, ಅಂದೆ.
ಮನೆಗೆ ಹೋಗಿ ನೋಟುಬುಕ್ಕು ತೆಗೆದು
ಆ ಸಾಲನ್ನು ಹೊಡೆದು ಹಾಕಲಿಲ್ಲ.
ಪಕ್ಕದಲ್ಲಿ ತಾರೀಖು ಬರೆದೆ.